ಊಟಕ್ಕೆ ಮುಂಚಿನ ಪ್ರಕಟಣೆ

ನನ್ನ ಸೋದರಮಾವನದು ಬಸ್ ನಿಲ್ದಾಣದಲ್ಲಿ ಬಸ್ಸುಗಳು ಬರುವುದನ್ನೂ ಹೊರಡುವುದನ್ನೂ ಮೈಕಿನಲ್ಲಿ ಸಾರುವ ಕೆಲಸ. ಆ ಕಂಚಿನ ಕಂಠ ಕೆಲಸ ಮುಗಿಸಿ ಅವರೊಂದಿಗೇ ಮನೆಗೆ ಬರುತ್ತಿತ್ತು. ಊಟಕ್ಕೆ ಮುನ್ನ ಅವರು ಕಣ್ಣು ಮುಚ್ಚಿ, ಕೊಟ್ಟದ್ದನ್ನೆಲ್ಲ ಒಂದೊಂದಾಗಿ ಹೆಸರಿಸಿ ದೇವರಿಗೆ ಸ್ತೋತ್ರ ಹೇಳತೊಡಗಿದರೆ ಪಕ್ಕದ ಮನೆಯವರೂ ಕೈ ಕಟ್ಟಿ ಕೂರಬೇಕಾಗುತ್ತದೆಂಬುದು ಅತ್ತೆಯ ಅಂಬೋಣ.

"ಎಲ್ಲಕ್ಕೂ ಸ್ತೋತ್ರ ಅಂತ ಒಂದೇ ಮಾತಲ್ಲಿ ಮುಗಿಸಬಾರದೇನ್ರೀ? ಊಟ ಆರಿ ಕಲ್ಲಾಗ್ತಿದೆ."

"ಬಸ್ಸುಗಳೆಲ್ಲ ಹೊರಡ್ತಿವೆ ಅಂತ ಮೈಕಲ್ಲಿ ಹೇಳಿದ್ರೆ ಜನ ಯಾವುದಕ್ಕೆ ಹತ್ತಬೇಕು ಕಣೇ? ಯಾವುದು, ಎಲ್ಲಿಗೆ ಅಂತ ಬಿಡಿಸಿ ಹೇಳ್ಬೇಕು. ಸ್ವಾಮಿಗೂ ಹಾಗೇನೇ."

ಹೋದ ವರ್ಷ ಮಾವನ ಗಂಟಲಿನಲ್ಲಿ ಗಂಟೊಂದು ಕಾಣಿಸಿಕೊಂಡಿತು. ಅದನ್ನು ತೆಗೆದ ವೈದ್ಯರು, ಜೀವಕ್ಕೆ ಅಪಾಯವಿಲ್ಲವೆಂದರು. ಆದರೆ ತಾವು ಹೇಳುವವರೆಗೆ ಪಿಸುಮಾತನ್ನೂ ಆಡಕೂಡದು, ಹಳೆಯ ಕಂಠ ಮರಳುವುದೋ ಇಲ್ಲವೋ ಆಮೇಲಷ್ಟೇ ತಿಳಿಯುವುದು ಎಂದರು. ಕಂಠ ಹೋದರೆ ಮೈಕೂ ಹೋದಂತೆಯೇ.

ಸ್ತೋತ್ರದ ಹೊಣೆ ಅತ್ತೆಯ ತಲೆಗೆ ಬಂತು. ನಾನು ಊಟಕ್ಕೆ ಹೋಗಿದ್ದ ದಿನ ಅವರು "ಎಲ್ಲಕ್ಕೂ ಸ್ತೋತ್ರ ಸ್ವಾಮೀ, ಆಮೆನ್" ಎಂದು ಒಂದೇ ಉಸಿರಿಗೆ ಮುಗಿಸಿ ಸೌಟಿಗೆ ಕೈ ಹಾಕಿದರು. ಮಾವ ಪಾತ್ರೆಯ ಮುಚ್ಚಳವನ್ನು ಅಂಗೈಯಿಂದ ಒತ್ತಿ ಹಿಡಿದು, ಇನ್ನೊಂದು ಕೈಯನ್ನು ಕಿಟಕಿಯತ್ತ ಚಾಚಿದರು.

"ಗಾಳಿಗೆ ಸ್ತೋತ್ರ," ಎಂದರು ಅತ್ತೆ. ಕೈ ಗೋಡೆಯತ್ತ ತಿರುಗಿತು. "ಪಕ್ಕದ ಮನೆ ರೇಡಿಯೋಗೂನಾ? ನಿದ್ದೆ ಕೆಡಿಸತ್ತೆ ಅಂತ ನೀವೇ ಬೈತಿದ್ರಲ್ಲ!"

ಮಾವ ಹೌದೆಂದು ತಲೆಯಾಡಿಸಿದರು.

"ಆಯ್ತಪ್ಪಾ, ರೇಡಿಯೋಗೂ ಸ್ತೋತ್ರ. ಅದು ಬೇಗ ಕೆಟ್ಟುಹೋದ್ರೆ ಇನ್ನೂ ದೊಡ್ಡ ಸ್ತೋತ್ರ."

ಕೊನೆಗೆ ಮಾವನ ಬೆರಳು ತಮ್ಮ ಗಂಟಲಿಗೇ ಬಂದು ನಿಂತಿತು. ಅತ್ತೆ ಸೌಟು ಕೆಳಗಿಟ್ಟರು.

"ಅದೊಂದಕ್ಕೆ ನನ್ನ ಕೈಲಾಗಲ್ಲ. ಬೇಕಾದ್ರೆ ಮಾತು ಬಂದ ಮೇಲೆ ನೀವೇ ಹೇಳ್ಕೊಳ್ಳಿ."

ಮಾವ ಮುಚ್ಚಳದಿಂದ ಕೈ ತೆಗೆದರು.

ಮಾತಾಡಲು ಅಪ್ಪಣೆ ಸಿಕ್ಕಿದ ದಿನ ಹೊರಬಂದದ್ದು ಎಣ್ಣೆ ಕಾಣದ ಬಾಗಿಲಿನ ದನಿ. ಇನ್ನು ಇಷ್ಟೇ ಎಂದರು ವೈದ್ಯರು. ನಿಲ್ದಾಣದವರು ಮಾವನನ್ನು, ಪ್ರಯಾಣಿಕರು ಮರೆತುಹೋದ ಸಾಮಾನುಗಳನ್ನಿಡುವ ಕೋಣೆಯ ಕೆಲಸಕ್ಕೆ ಹಾಕಿದರು.

ಅಲ್ಲಿ ಮೊದಲ ದಿನ ಕಳೆದು ಬಂದ ಸಂಜೆಯೂ ನಾನು ಅವರ ಮನೆಯಲ್ಲಿದ್ದೆ. ಊಟದ ಮುಂದೆ ಆ ದನಿ ವಾರಸುದಾರರಿಲ್ಲದ ಕೊಡೆಗಳಿಗೆ ಸ್ತೋತ್ರ ಹೇಳಿತು. ಒಂಟಿ ಚಪ್ಪಲಿಗೆ, ಯಾರೋ ಬಿಟ್ಟುಹೋಗಿದ್ದ ಹಲ್ಲುಸೆಟ್ಟಿಗೆ ಹೇಳಿತು. ಆಮೇಲೆ "ಈ ಗಂಟಲಿಗೆ..." ಎಂದು ನಿಂತುಬಿಟ್ಟಿತು. ಮಾವ ಇನ್ನೊಮ್ಮೆ ಬಾಯಿ ತೆರೆದರು, ಮಾತು ಹೊರಡಲಿಲ್ಲ. ಊಟ ಆರುತ್ತಿತ್ತು. ಅತ್ತೆ ಗೊಣಗಲಿಲ್ಲ.

"ಉಳಿದಷ್ಟು ಗಂಟಲಿಗೆ ಸ್ತೋತ್ರ ಸ್ವಾಮೀ," ಎಂದರು, ಕಣ್ಣು ಮುಚ್ಚಿಕೊಂಡೇ. "ನನ್ನ ಕೂಗೋಕೆ ಸಾಕು. ಅಡುಗೆಮನೆ ಏನು ಹರದಾರಿ ದೂರ ಇಲ್ಲ. ಆಮೆನ್."

ಮಾವ ಕಣ್ಣೊರೆಸಿಕೊಂಡು ಮುಚ್ಚಳದ ಮೇಲೆ ಮತ್ತೆ ಕೈಯಿಟ್ಟರು. "ರೇಡಿಯೋಗೆ ಸ್ತೋತ್ರ ಬಿಟ್ಟುಹೋಯ್ತು ಕಣೇ."