ಮಂಗಳವಾರದ ಬಳಗ

ನಾರಾಯಣಗೂಡದ ಗಲ್ಲಿಯೊಂದರಲ್ಲಿ ಅಮರಯ್ಯನ ಕಟಿಂಗ್ ಅಂಗಡಿ ಇತ್ತು. ಚಿತ್ತಾಪುರದ ಕಡೆಯಿಂದ ಬಂದ ಗುರುಶಾಂತ ಮೀಸೆ ಮೂಡುವ ವಯಸ್ಸಿನಲ್ಲಿ ಅಲ್ಲಿ ಸೇರಿ, ಸೋಪಿನ ನೊರೆ ಕಲಸುವುದರಿಂದ ಶುರುಮಾಡಿ, ತಲೆ ನರೆಯುವ ತನಕ ಅದೇ ಕನ್ನಡಿಯ ಮುಂದೆ ನಿಂತಿದ್ದ. ಅಮರಯ್ಯನನ್ನು ಅವನು ಕಾಕಾ ಎನ್ನುತ್ತಿದ್ದ.

ಶಹರಕ್ಕೆಲ್ಲ ರಜೆ ಇರುವ ಭಾನುವಾರ ಕಟಿಂಗ್ ಅಂಗಡಿಯವರಿಗೆ ನೀರು ಕುಡಿಯಲೂ ಪುರುಸೊತ್ತಿಲ್ಲ. ಅವರ ಬಿಡುವು ಮಂಗಳವಾರ. ಅಂದು ತಲೆಗೆ ಕತ್ತರಿ, ಮುಖಕ್ಕೆ ಕತ್ತಿ ತಾಗಿಸಬಾರದು ಎಂದು ನಂಬಿದವರು ಅವರು. ಬೇರೆ ಬೇರೆ ಬಡಾವಣೆಗಳ, ಕ್ಷೌರವೇ ಕುಲಕಸುಬಾದ ಹಡಪದ ಮಂದಿ ಅಂದು ಅಮರಯ್ಯನ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೇರುತ್ತಿದ್ದರು. ತಮ್ಮ ಕುಲದ ಶರಣ ಹಡಪದ ಅಪ್ಪಣ್ಣನ ಪಟಕ್ಕೆ ಹೂ ಏರಿಸಿ, ಅಮರಯ್ಯನ ಹೆಂಡತಿ ಬಂಡೆಮ್ಮ ಬಡಿದ ರೊಟ್ಟಿ ಉಂಡು, ಹೆಣ್ಣು-ಗಂಡಿನ ಮಾತಾಡಿ, ಜಗಳ ಬಗೆಹರಿಸಿ, ಕಾಯಿಲೆ ಬಿದ್ದವರನ್ನು ನೋಡಲು ಕೂಡಿಯೇ ಹೋಗುತ್ತಿದ್ದರು. ಗುರುಶಾಂತನಿಗೆ ರೇಣುಕಾಳನ್ನು ಗೊತ್ತುಮಾಡಿದ್ದೂ ಅಲ್ಲಿಯೇ.

ಆ ರೇಣುಕಾಳಿಗೆ ಕಿಡ್ನಿ ಕಾಯಿಲೆ ಬಂತು. ನೌಕರರ ವಿಮೆಯ ಇಎಸ್‌ಐ ಕಾರ್ಡು ಇದ್ದರೆ ಚಿಕಿತ್ಸೆ ಸಿಗುತ್ತದೆ ಎಂದು ತಿಳಿದು, ಗುರುಶಾಂತ ಆ ಸೌಲಭ್ಯವಿದ್ದ ಕೂಕಟ್‌ಪಲ್ಲಿಯ ದೊಡ್ಡ ಸಲೂನೊಂದಕ್ಕೆ ಸೇರಿದ. ಅಲ್ಲಿ ಅವನಿಗೆ ಬುಧವಾರ ರಜೆ. ಮಂಗಳವಾರ ಗಿರಾಕಿಗಳು ಹಿಂಜರಿಯುತ್ತಾರೆಂದೇ ಸಲೂನಿನವರು ಅಂದು ಅರ್ಧ ದರ ಇಟ್ಟಿದ್ದರು. ವಾರ ನೋಡದ ಸಾಫ್ಟ್‌ವೇರ್ ಹುಡುಗರು ಮುಗಿಬೀಳುತ್ತಿದ್ದರು.

ಬಿಡುವ ಮಾತು ಹೇಳಲು ಹೋದಾಗ ಅಮರಯ್ಯ ಬೈಯಲಿಲ್ಲ. "ಹೋಗಪ್ಪಾ, ಮೊದಲು ಆಕಿ ಜೀವ. ಆದ್ರ ಬುಧವಾರ ಸೂಟಿ ತಗೊಂಡು ಏನ್ ಮಾಡ್ತಿ? ಅವತ್ತ ನಾವ್ ಯಾರೂ ಖಾಲಿ ಇರಂಗಿಲ್ಲಲ್ಲ" ಎಂದ.

ಮೊದಲ ಮಂಗಳವಾರ ಕೆಲಸ ಶುರುಮಾಡುವ ಮುಂಚೆ ಗುರುಶಾಂತ ಕತ್ತರಿಯನ್ನು ಕಣ್ಣಿಗೊತ್ತಿಕೊಂಡು ತಪ್ಪಾಯಿತೆಂದು ಬೇಡಿಕೊಂಡ. ತಿಂಗಳು ಕಳೆಯುವುದರೊಳಗೆ ಆ ಅಂಜಿಕೆ ಹೋಯಿತು. ಹೋಗದೆ ಉಳಿದದ್ದು ಬಳಗದವರ ಮುನಿಸು. ಅಮರಯ್ಯನ ಅಳಿಯ ಮಲ್ಲು ಒಮ್ಮೆ ಫೋನಿನಲ್ಲಿ ಕೇಳಿಯೇಬಿಟ್ಟ: "ಮಂಗಳವಾರ ಅರ್ಧ ರೇಟಿಗೆ ನೀ ಕಟಿಂಗ್ ಮಾಡಿದ್ರ ಬುಧವಾರ ನಮ್ಮ ಕಡೆ ಯಾರ್ ಬರಬೇಕಣ್ಣಾ?"

ಆಮೇಲೆ ಅಮರಯ್ಯ ಲಕ್ವ ಹೊಡೆದು ಹಾಸಿಗೆ ಹಿಡಿದ. ಬುಧವಾರಗಳಲ್ಲಿ ಗುರುಶಾಂತ ಹೋಗಿ ಅವನ ಗಡ್ಡ ಮಾಡಿ ಬರುತ್ತಿದ್ದ. ಕೆಲವು ವಾರ ರೇಣುಕಾಳನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾಗಿ ಅದೂ ತಪ್ಪಿತ್ತು. ಅಷ್ಟರಲ್ಲಿ ಒಂದು ಮಂಗಳವಾರ ಬೆಳಿಗ್ಗೆ ರೇಣುಕಾಳ ಫೋನ್ ಬಂತು.

"ಕಾಕಾ ಹೋದ್ರಂತ್ರಿ. ನಾ ಅಲ್ಲಿಗೇ ಹೊಂಟೀನಿ. ಮಧ್ಯಾಹ್ನಕ್ಕ ಮಣ್ಣು ಮಾಡ್ತಾರಂತ, ಲಗೂನ ಬರ್ರಿ."

ಕುರ್ಚಿಗಳಲ್ಲಿ ಒಬ್ಬ ಮದುಮಗ ತನ್ನ ಗೆಳೆಯರೊಡನೆ ಕೂತಿದ್ದ. ಗುರುಶಾಂತ ಮ್ಯಾನೇಜರ್ ಸಪ್ನಾಳ ಬಳಿ ಹೋಗಿ, ಕಾಕಾ ತೀರಿಕೊಂಡಿದ್ದಾರೆ, ರಜೆ ಬೇಕು ಎಂದ.

"ಸ್ವಂತ ಕಾಕಾನಾ?" ಅವಳು ಹಿಂದಿಯಲ್ಲಿ ಕೇಳಿದಳು. ದನಿಯಲ್ಲಿ ಕನಿಕರವೇ ಇತ್ತು.

ಹೌದೆಂದಿದ್ದರೆ ಆಗುತ್ತಿತ್ತು. ಸತ್ತವನ ಹೆಸರಿನಲ್ಲಿ ಸುಳ್ಳು ಹೇಳಲು ಅವನಿಗೆ ಬಾಯಿ ಬರಲಿಲ್ಲ. "ಸ್ವಂತ ಅಲ್ಲ" ಎಂದ.

"ಹಾಗಾದರೆ ಇವರನ್ನು ಮುಗಿಸಿ ಹೊರಡಿ. ಬೇರೆ ಯಾರ ಕೈಯೂ ಖಾಲಿ ಇಲ್ಲ."

ಎಲ್ಲರ ತಲೆ, ಗಡ್ಡ ಮುಗಿಸಿ ಮೆಟ್ರೋ ಹತ್ತಿದ. ಗಲ್ಲಿ ಹೊಕ್ಕಾಗ ಮಣ್ಣಿಗೆ ಹೋದವರು ತಿರುಗಿ ಬಂದು ನಲ್ಲಿಯಲ್ಲಿ ಕಾಲು ತೊಳೆಯುತ್ತಿದ್ದರು. ಬಳಗ ಪೂರಾ ಇತ್ತು. ಅಂದು ಎಲ್ಲರಿಗೂ ರಜೆಯಲ್ಲವೇ. ಅವನನ್ನು ಕಂಡು ದಾರಿ ಬಿಟ್ಟು ಸರಿದರು. ರೇಣುಕಾ ಗೋಡೆಗೊರಗಿ ಕೂತಿದ್ದವಳು ತಲೆ ಎತ್ತಲಿಲ್ಲ.

ಬಂಡೆಮ್ಮನ ಮುಂದೆ ಗುರುಶಾಂತ ಕುಕ್ಕರಗಾಲಲ್ಲಿ ಕೂತ. ಅವಳೇ ಬಾಯಿಬಿಟ್ಟಳು. "ಗಡ್ಡ ಹಂಗ ಉಳೀತಪ್ಪಾ. ಮಂದಿ ಗಡ್ಡ ಮಾಡಿ ಮಾಡಿ ಸವೆದ ಮನುಷ್ಯಾ. ಮಕಾ ಚೊಕ್ಕ ಮಾಡಿ ಕಳಸ್ರೋ ಅಂದೆ. ಮಂಗಳವಾರ ಅಂತ ಒಬ್ಬರೂ ಕತ್ತಿ ಮುಟ್ಟಲಿಲ್ಲ. ಗುರುಶಾಂತ ಬರ್ತಾನ, ಅವಾ ಮಾಡ್ತಾನ ಅಂತ ಹೇಳಿದೆ. ಕಾದ್ರು. ಹೊತ್ತಾತು, ಎತ್ತಿದ್ರು."

ಗುರುಶಾಂತ ತನ್ನ ಕೈ ನೋಡಿಕೊಂಡ. ಮದುಮಗನಿಗೆ ಹಚ್ಚಿದ ಸುಗಂಧ ಇನ್ನೂ ಅದರಲ್ಲಿತ್ತು.

ರಜೆಯನ್ನು ಮಂಗಳವಾರಕ್ಕೆ ಬದಲಿಸಿಕೊಡಿ ಎಂದು ಅವನು ಸಪ್ನಾಳನ್ನು ಎರಡು ಸಲ ಕೇಳಿದ. ಅರ್ಧ ದರದ ದಿನ ಆಗದು ಎಂದಳು. ಕೆಲಸ ಬಿಟ್ಟರೆ ಕಾರ್ಡು ಹೋಗುತ್ತದೆ, ಕಾರ್ಡು ಹೋದರೆ ರೇಣುಕಾ. ಅವನು ಉಳಿದುಕೊಂಡ.

ಈಗ ಅಂಗಡಿ ಮಲ್ಲುವಿನದು. ಒಂದು ಬುಧವಾರ ಗುರುಶಾಂತ ನಾಲ್ಕು ಮಾತಾಡಿ ಬರಲೆಂದು ಅಲ್ಲಿಗೆ ಹೋದ. ಕುರ್ಚಿಗಳು ತುಂಬಿದ್ದವು, ಮಲ್ಲುವಿನ ಕೈಗೆ ಬಿಡುವಿರಲಿಲ್ಲ. ಗುರುಶಾಂತ ಬೆಂಚಿನ ಮೇಲೆ ಬಹಳ ಹೊತ್ತು ಕೂತ.

ಕೊನೆಗೆ ಮಲ್ಲು ಕನ್ನಡಿಯೊಳಗಿಂದಲೇ ನೋಡಿ ಅಂದ: "ಇವತ್ತ ಮಾತಾಡಾಕ ಆಗಂಗಿಲ್ಲಣ್ಣಾ. ಮಂಗಳವಾರ ಬಾ."

"ಮಂಗಳವಾರ ನನಗೆಲ್ಲಿ ಆಗ್ತೈತೋ."

"ಗೊತ್ತೈತಿ" ಎಂದು ಮಲ್ಲು ಗಿರಾಕಿಯ ತಲೆಯನ್ನು ಮೆಲ್ಲಗೆ ಮುಂದಕ್ಕೆ ಬಾಗಿಸಿದ.