ರೆನಿಂಗರ್ ಅವರೇ, ಇದ್ದೀರಾ?

ನನ್ನ ಅರೆನಿದ್ದೆಯೊಳಗೆ ದಿನವೂ ಎಂಟು ಗಂಟೆಗೆ ಒಂದು ಸದ್ದು ತೇಲಿ ಬರುತ್ತಿತ್ತು. ಕೆಳಮನೆಯ ಗುಂಡುಲಾ ರೆನಿಂಗರ್ ಕಿಟಕಿಯ ಶಟರ್ ಮೇಲಕ್ಕೆಳೆಯುವ ಸದ್ದು. ಅದಾದ ಮೇಲೆಯೇ ನಮ್ಮೂರು ರಾಯ್ಟ್ಲಿಂಗನ್ನಿನಲ್ಲಿ ಬೆಳಕು ಹರಿಯುವುದು ಎಂದು ನಾನು ಎಷ್ಟೋ ಕಾಲ ನಂಬಿದ್ದೆ. ಸೋಮಾರಿಗೆ ಇಂಥ ನಂಬಿಕೆ ಸುಲಭ.

ಅವರು ಮೂವತ್ತೊಂದು ವರ್ಷ ಹಲ್ಲಿನ ಡಾಕ್ಟರೊಬ್ಬರ ಫೋನು ಎತ್ತಿದವರು. ‘ಡಾಕ್ಟರ್ ಇದ್ದಾರಾ?’ ಎಂದು ಊರೆಲ್ಲ ಅವರನ್ನು ಕೇಳುತ್ತಿತ್ತು. ನಿವೃತ್ತರಾಗಿ, ಗಂಡನೂ ತೀರಿಕೊಂಡ ಮೇಲೆ ಅವರಿಗೆ ಒಂದೇ ಭಯ ಉಳಿಯಿತು. ಪಕ್ಕದ ಬೀದಿಯ ಮುದುಕನೊಬ್ಬ ಸತ್ತು ನಾಲ್ಕು ದಿನ ಯಾರಿಗೂ ಗೊತ್ತಾಗಿರಲಿಲ್ಲ.

“ಸಾಯೋದಕ್ಕೇನು, ಸಾಯೋಣ. ಇದ್ದೀಯಾ ಅಂತ ಒಬ್ರೂ ಕೇಳದೆ ಬಿದ್ದಿರೋದು ಬೇಡಪ್ಪ,” ಎಂದಿದ್ದರು ಒಮ್ಮೆ.

“ಮೇಲೆ ನಾನಿಲ್ವಾ?”

“ನೀನಾ? ನೀನು ಏಳೋ ಹೊತ್ತಿಗೆ ನನ್ನ ಮಣ್ಣೂ ಮುಗಿದಿರುತ್ತೆ.”

ಅವರ ಎದುರು ಬಾಗಿಲಿನ ಹೆಂಗಸು ಲೀಸಲೋಟೆ ಕೀನ್ಲೆ ದಿನವೂ ಎಂಟಕ್ಕೆ ಬ್ರೆಡ್ಡು ತರಲು ಅದೇ ಕಿಟಕಿಯ ಮುಂದೆ ಹೋಗುತ್ತಿದ್ದರು. ಆದರೆ ಇಬ್ಬರಿಗೂ ಒಂಬತ್ತು ವರ್ಷದಿಂದ ಮಾತಿಲ್ಲ. ನಮ್ಮಲ್ಲಿ ಮೆಟ್ಟಿಲು ಒರೆಸಲು ವಾರಕ್ಕೊಬ್ಬರ ಸರದಿ. ಒಮ್ಮೆ ಕೀನ್ಲೆ ಒರೆಸಿದ್ದ ಮೆಟ್ಟಿಲನ್ನು, ಕೊಳೆ ಉಳಿದಿದೆ ಎಂಬಂತೆ, ಅದೇ ಸಂಜೆ ರೆನಿಂಗರ್ ಮತ್ತೆ ಒರೆಸಿದ್ದರು. ಈ ಊರಿನಲ್ಲಿ ಕೆನ್ನೆಗೆ ಹೊಡೆದರೂ ಅಷ್ಟು ಅವಮಾನವಾಗುವುದಿಲ್ಲ.

ಮಾರ್ಚಿನ ಕೊನೆಯ ಭಾನುವಾರ, ಪ್ರತಿ ವರ್ಷದಂತೆ ಬೇಸಿಗೆಯ ಲೆಕ್ಕಕ್ಕೆ, ದೇಶವೆಲ್ಲ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿತು. ರೆನಿಂಗರ್ ಮರೆತರು, ನಾನೂ ಮರೆತೆ. ಕೀನ್ಲೆ ಮರೆಯುವವರ ಪೈಕಿಯಲ್ಲ. ಎಂಟೂವರೆಗೆ ಅವರು ಬ್ರೆಡ್ಡು ಹಿಡಿದು ಮರಳಿದಾಗಲೂ ಶಟರ್ ಇಳಿದೇ ಇತ್ತು.

ಕನಸಿನೊಳಗೆ ಯಾರೋ ಬಾಗಿಲು ಬಡಿಯುತ್ತಿದ್ದಾರೆ ಎಂದುಕೊಂಡೇ ನಾನು ಮೆಟ್ಟಿಲಿಳಿದೆ. ಕೀನ್ಲೆ ಎರಡೂ ಕೈಯಲ್ಲಿ ಬಡಿಯುತ್ತಿದ್ದರು. ಬ್ರೆಡ್ಡುಗಳು ನೆಲದ ಮೇಲೆ ಉರುಳಿದ್ದವು.

“ರೆನಿಂಗರ್ ಅವರೇ, ಇದ್ದೀರಾ? ಒಳಗಿದ್ದೀರಾ?”

ಒಳಗಿನಿಂದ ನಿದ್ದೆಗಣ್ಣಿನ ದನಿ ಬಂತು: “ಇದ್ದೀನಿ. ಇನ್ನೂ ಎಂಟಾಗಿಲ್ವಲ್ಲ.”

“ಎಂಟೂವರೆ ದಾಟಿದೆ. ಗಡಿಯಾರ ಸರಿ ಮಾಡ್ಕೊಳ್ಳಿ,” ಎಂದು ಕೀನ್ಲೆ ಸಿಡುಕಿ, ಬ್ರೆಡ್ಡು ಆರಿಸಿಕೊಂಡು ತಮ್ಮ ಬಾಗಿಲು ಹಾಕಿಕೊಂಡರು. ಒಳಗೆ ಅವರು ಅತ್ತದ್ದು ಹೊರಗಿದ್ದ ನನಗೆ ಕೇಳಿಸಿತು.

ಮರುದಿನ ಎಂಟಾಯಿತು; ಸದ್ದಿಲ್ಲ. ಎಂಟೂ ಹತ್ತಾಯಿತು. ಹಾಸಿಗೆ ಬಿಟ್ಟೆದ್ದು ನಾನು ಮೆಟ್ಟಿಲ ತಲೆಗೆ ಬಂದು ನಿಂತೆ. ಕೆಳಗೆ ಕೀನ್ಲೆ ಆಗಲೇ ಬಾಗಿಲ ಮುಂದಿದ್ದರು. ಈ ಸಲ ಮೆಲ್ಲನೆ ತಟ್ಟಿದರು.

“ಇದ್ದೀರಾ?”

ಬಾಗಿಲು ಕೂಡಲೇ ತೆರೆಯಿತು. ಹಬ್ಬದ ಉಡುಪು ತೊಟ್ಟು ರೆನಿಂಗರ್ ನಿಂತಿದ್ದರು. ಹಿಂದಿನಿಂದ ಕಾಫಿಯ ಘಮ ಬರುತ್ತಿತ್ತು.

“ಇವತ್ತೂ ಗಡಿಯಾರ ಮರೆತ್ರಾ?”

“ಇಲ್ಲ, ನಿನ್ನೇನೇ ಸರಿ ಮಾಡಿದೆ,” ಎಂದರು ರೆನಿಂಗರ್. “ನೀವು ಕೇಳೋದನ್ನ ಇನ್ನೊಂದ್ಸಲ ಕೇಳಿಸ್ಕೋಬೇಕು ಅನ್ನಿಸ್ತು.”

ಕೀನ್ಲೆ ಬೈಯಲು ಬಾಯಿ ತೆರೆದವರು ಬೈಯದೆ ರೆನಿಂಗರ್ ಮನೆಯೊಳಗೆ ಹೋದರು.