ಗಂಡಂದಿರ ಬೆಂಚು

ಮೊನ್ನೆ ಒಂದು ಸಭೆಯಲ್ಲಿ ದಪ್ಪ ಮೀಸೆಯ ಗಂಡಸೊಬ್ಬರು ಮೈಕ್ ಹಿಡಿದು, "ಹೆಣ್ಣುಮಗಳಾದ ನಾನು ಇವತ್ತು ಅಧ್ಯಕ್ಷೆಯ ಕುರ್ಚಿಯಲ್ಲಿ ಕೂತಿದ್ದೇನೆ" ಎಂದು ಓದಿದರು. ಯಾರೂ ನಗಲಿಲ್ಲ. ಚಪ್ಪಾಳೆ ಬಿತ್ತು.

ನಾನು ಬೆವತುಹೋದೆ.

ಮೊದಲಿನಿಂದ ಹೇಳುತ್ತೇನೆ. ಹರಿಹರದ ಆಚೆ ಒಂದು ಊರು. (ಹೆಸರು ಬೇಡ. ಅಲ್ಲಿ ನನಗೆ ಊಟ ಹಾಕುವವರು ಇನ್ನೂ ಇದ್ದಾರೆ.) ನಾನು ಅಲ್ಲಿ ಪಂಚಾಯಿತಿ ಕಾರ್ಯದರ್ಶಿಯಾಗಿದ್ದಾಗ ಮೊದಲ ಬಾರಿಗೆ ಹೆಂಗಸೊಬ್ಬರು ಅಧ್ಯಕ್ಷರಾದರು. ಜೈನಾಬಿ. ಗಾದಿ ಹೊಲಿಯುವ ಮನೆಯವರು. ಮೊದಲ ಮೀಟಿಂಗಿಗೆ ಅವರ ಯಜಮಾನರೂ ಬಂದು ಪಕ್ಕದಲ್ಲೇ ಕುರ್ಚಿ ಎಳೆದುಕೊಂಡರು. ಉಳಿದ ಸದಸ್ಯೆಯರ ಗಂಡಂದಿರೂ ಸಾಲಾಗಿ ಒಳಗೆ ಬಂದರು.

ಜೈನಾಬಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಯಜಮಾನರಿಗೆ ಹೇಳಿದ್ದು ಇಷ್ಟೇ: "ರೀ, ಹೊರಗೆ ಕೂಡ್ರಿ. ಚಾ ಕಳಿಸ್ತೀನಿ."

ಅವರು ಎದ್ದರು. ಉಳಿದವರು ಕೂತಿರಲು ಸಾಧ್ಯವೇ?

ಮುಂದಿನ ಮೀಟಿಂಗಿನ ಹೊತ್ತಿಗೆ ಪಂಚಾಯಿತಿ ಕಚೇರಿ ಮುಂದಿನ ಬೇವಿನ ಮರದ ಕೆಳಗೆ ಒಂದು ತೇಗದ ಬೆಂಚು ಬಂತು. ಊರು ಅದಕ್ಕೆ ಗಂಡಂದಿರ ಬೆಂಚು ಎಂದು ಹೆಸರಿಟ್ಟಿತು. ಚಾ ಒಂದು ದಿನವೂ ತಪ್ಪಲಿಲ್ಲ. ಮೊದಮೊದಲು ಮುಖ ಮುಖ ನೋಡಿಕೊಂಡು ಕೂರುತ್ತಿದ್ದ ಹೆಂಗಸರು ಆಮೇಲೆ ಜಗಳವಾಡಲು ಕಲಿತರು. ಓಣಿಗಳಿಗೆ ನಲ್ಲಿ ಬಂತು. ಸಂತೆ ಮೈದಾನದಲ್ಲಿ ಹೆಂಗಸರಿಗೆ ಶೌಚಾಲಯ ಬಂತು.

ಜೈನಾಬಿ ಹೋದ ವರ್ಷ ತೀರಿಕೊಂಡರು. ಮೊನ್ನೆಯದು ಅವರ ಸ್ಮರಣೆಯ ಸಭೆ. ದಾವಣಗೆರೆಯಿಂದ ಬೆಳಗಿನ ಬಸ್ ಹಿಡಿದು ಹೋದೆ. ಹೇಳಿದ ಹೊತ್ತಿಗೆ ಸರಿಯಾಗಿ ಹೋಗುವುದು ನನ್ನ ರೋಗ. ಹಾಗಾಗಿ ಒಬ್ಬನೇ ಇದ್ದೆ.

ವೇದಿಕೆಯ ನಡುವೆ ಅದೇ ಬೆಂಚು! ಪಾಲಿಶ್ ಹೊಡೆದು, ಚೆಂಡು ಹೂವಿನ ಮಾಲೆ ಸುತ್ತಿದ್ದರು. ಜೈನಾಬಿ ಅಮ್ಮನ ನೆನಪಿಗಂತೆ. ಕಣ್ಣು ತುಂಬಿತು.

ಆಮೇಲೆ ಅತಿಥಿಗಳು ಬಂದು ಅದರ ಮೇಲೆ ಕೂತರು. ಯಾರು? ಈಗಿನ ಸದಸ್ಯೆಯರ ಗಂಡಂದಿರು. ನಾಲ್ವರು!

ಈಗಿನ ಅಧ್ಯಕ್ಷೆ ಸವಿತಾ ಕೆಳಗೆ ಹಾರದ ತಟ್ಟೆ ಹಿಡಿದು ನಿಂತಿದ್ದಳು.

"ಏನವ್ವಾ, ನೀನು ಮೇಲೆ ಕೂಡ್ರಲ್ವಾ?"

"ನಮ್ಮನೆಯೋರು ಅದಾರಲ್ಲ ಸಾರ್."

"ಭಾಷಣ?"

"ನಾನೇ ಬರ್ದಿದ್ದು. ಅವರೇ ಓದ್ತಾರಂತೆ."

ಅವರು ಓದಿದರು. ಒಂದಕ್ಷರ ಬದಲಿಸದೆ. ಮುಂದಿನದು ನಿಮಗೆ ಗೊತ್ತು.

ಮೈಕ್ ನನ್ನ ಕೈಗೆ ಬಂದಾಗ ಬೆಂಚು ಏಕೆ ಬಂದಿತ್ತು ಎಂದು ಹೇಳಿದೆ. ಸವಿತಾಳ ಗಂಡ ಬೆಂಚಿನ ಕೈ ತಟ್ಟಿ, "ಭಾಳ ಗಟ್ಟಿ ಐತೆ ಬಿಡ್ರಿ ಸಾರ್. ಇಂಥ ಕಟ್ಟಿಗೆ ಈಗೆಲ್ಲಿ ಸಿಗ್ತೈತೆ?" ಎಂದರು.

ಹೇಳಿ, ಇಂಥವರಿಗೆ ಹೇಗೆ ಅರ್ಥ ಮಾಡಿಸುವುದು?

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಯಾವುದೋ ಅಜ್ಜಿ ಕೂಗಿದರು: "ಹೊರಗೆ ಕೂಡ್ರಪ್ಪಾ, ಚಾ ಕಳಿಸ್ತೀವಿ!"

ಹೆಂಗಸರ ಕಡೆ ನಗು ಎದ್ದಿತು. ಸವಿತಾ ತಟ್ಟೆ ಕೆಳಗಿಟ್ಟಳು. ಮೆಟ್ಟಿಲು ಹತ್ತಿ ಗಂಡನ ಮುಂದೆ ಕೈ ಚಾಚಿದಳು. "ಕೊಡ್ರಿ ಇಲ್ಲಿ. ಅದು ನನ್ನ ಮಾತು."

ಅವರು ಹಾಳೆ ಕೊಟ್ಟರು. ಸವಿತಾ ಮತ್ತೆ ಮೊದಲಿನಿಂದ ಓದಿದಳು. "ಹೆಣ್ಣುಮಗಳಾದ ನಾನು ಇವತ್ತು ಅಧ್ಯಕ್ಷೆಯ ಕುರ್ಚಿಯಲ್ಲಿ ಕೂತಿದ್ದೇನೆ..."

ಓದಿದ್ದು ನಿಂತುಕೊಂಡೇ. ಬೆಂಚಿನ ಮೇಲಿನ ನಾಲ್ವರಲ್ಲಿ ಒಬ್ಬರೂ ಏಳಲಿಲ್ಲ.

ಬೆಂಚೇ ಒಳಗೆ ಬಂದು ಕೂತಿದೆ. ಇನ್ನು ಚಾ ಎಲ್ಲಿಗೆ ಕಳಿಸೋಣ?